ಜಾಮೀನು ಮತ್ತು ಒಬ್ಬ ಗಾರೆ ಕೆಲಸದವನು

1992ರ ಮಾತು. ಪೌರನೀತಿಯ ತರಗತಿಯಲ್ಲಿ, ಅಪರಾಧ ಸಾಬೀತಾಗುವವರೆಗೆ ಆರೋಪಿಯು ನಿರ್ದೋಷಿಯೆಂದು ನಾನು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಹಾಗಾದ್ರೆ ನಮ್ಮಪ್ಪನ್ನ ಯಾಕೆ ಬಿಟ್ಟಿಲ್ಲ ಸಾರ್?” ಎಂದು ಕೇಳಿದ. ಕೂಲಿಗೆಂದು ಪರಜಿಲ್ಲೆಗೆ ಹೋಗಿದ್ದ ಅವನ ತಂದೆ ಕಳವಿನ ಆರೋಪದ ಮೇಲೆ ಸೆರೆಯಲ್ಲಿದ್ದರು. ಜಾಮೀನು ಮಂಜೂರಾಗಿತ್ತು, ಆದರೆ ಆ ಊರಿನಲ್ಲಿ ಅವರ ಪರವಾಗಿ ಪಹಣಿ ಹಿಡಿದು ನಿಲ್ಲುವವರು ಯಾರೂ ಇರಲಿಲ್ಲ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ.

ವಿಚಾರಣೆಗೆ ಮುನ್ನ ಜಾಮೀನು ನಿರಾಕರಿಸುವ ನ್ಯಾಯಾಲಯವು ಆರೋಪಿಯನ್ನು ಅಪರಾಧಿಯೆಂದು ತೀರ್ಮಾನಿಸಿರುವುದಿಲ್ಲ. ಆತ ತಲೆಮರೆಸಿಕೊಳ್ಳುವನೇ, ಸಾಕ್ಷಿಗಳನ್ನು ಬೆದರಿಸುವನೇ, ಮತ್ತೆ ಅಪರಾಧಕ್ಕಿಳಿಯುವನೇ ಎಂಬುದನ್ನು ಅದು ನೋಡುತ್ತದೆ. ಆರೋಪದ ಗಾಂಭೀರ್ಯ, ವಿಧಿಸಬಹುದಾದ ಶಿಕ್ಷೆ, ಮೇಲ್ನೋಟಕ್ಕೆ ಕಾಣುವ ಸಾಕ್ಷ್ಯ ಇವುಗಳನ್ನೂ ತೂಗುತ್ತದೆ. ಸಾಮಾನ್ಯವಾಗಿ ಜಾಮೀನೇ ನಿಯಮ, ಸೆರೆಯು ಅಪವಾದ ಎಂಬ ಸೂತ್ರವನ್ನು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿ ಬಾಲಚಂದ್ ಪ್ರಕರಣದಲ್ಲಿ ನೀಡಿದರು.

ಆದರೆ ನಿರಾಕರಣೆಗೆ ಮತ್ತೊಂದು ದಾರಿಯೂ ಉಂಟು: ಕೊಟ್ಟಂತೆ ಮಾಡಿ, ನಿಲುಕದಷ್ಟು ಎತ್ತರದಲ್ಲಿಡುವುದು. 1978ರ ಮೋತಿರಾಮ್ ಪ್ರಕರಣದಲ್ಲಿ ಆದದ್ದು ಇದೇ. ಮಧ್ಯಪ್ರದೇಶದ ಆ ಬಡ ಗಾರೆ ಕೆಲಸದವನಿಗೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ, ಸರ್ವೋಚ್ಚ ನ್ಯಾಯಾಲಯವೇ ಜಾಮೀನು ನೀಡಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿದರು. ಕೃಷ್ಣ ಅಯ್ಯರ್ ಅವರು ಅದನ್ನು ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. ದೂರದ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧಿತನಾದ ಒಬ್ಬ ಕನ್ನಡಿಗ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆಯೂ ಆ ತೀರ್ಪಿನಲ್ಲಿದೆ. ಮರುವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಪ್ರಕರಣವು ಬಿಹಾರದ ಸೆರೆಮನೆಗಳತ್ತ ದೇಶದ ಕಣ್ಣು ತೆರೆಸಿತು. ತಮ್ಮ ಮೇಲಿನ ಆರೋಪಕ್ಕಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆತವರು ಅಲ್ಲಿದ್ದರು.

ಕಾನೂನು ನಿಧಾನವಾಗಿ ಬದಲಾಯಿತು. ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ ಬಡವನನ್ನು ಜಾಮೀನುದಾರನಿಲ್ಲದೆಯೇ ಬಿಡಬೇಕೆಂದು 2005ರ ತಿದ್ದುಪಡಿ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಕಳವು ಮಾತ್ರ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರದು.

ಮೋತಿರಾಮ್ ತೀರ್ಪು ಬಂದು 14 ವರ್ಷಗಳಾದ ಮೇಲೆ ಆ ಹುಡುಗ ನನ್ನೆದುರು ಎದ್ದು ನಿಂತದ್ದು. ಉತ್ತರ ಅದಾಗಲೇ ಬರೆದಿಟ್ಟಾಗಿತ್ತು. ಅದು ಅವನ ತಂದೆಯಿದ್ದ ಊರಿನ ನ್ಯಾಯಾಲಯವನ್ನು ತಲುಪಿರಲಿಲ್ಲ. ಪಾಠ ಹೇಳುತ್ತಿದ್ದ ನನ್ನನ್ನೂ ತಲುಪಿರಲಿಲ್ಲ.