ಮುತ್ಯಾನ ವಹಿ ಮತ್ತು ಗಡಿಯ ಓದುಗರು

ನನ್ನ ಊರು ರಾಯಬಾಗ ತಾಲೂಕಿನದು ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಎರಡನೆಯ ಪ್ರಶ್ನೆ ಯಾವಾಗಲೂ ಒಂದೇ: "ಅಲ್ಲಿ ಕನ್ನಡಾನಾ, ಮರಾಠಿನಾ?" ಸರ್ಕಾರವೂ ಇದನ್ನೇ ಕೇಳಿತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಾಗ 264 ಊರುಗಳು ಮಹಾರಾಷ್ಟ್ರಕ್ಕೆ, 247 ಊರುಗಳು ಆಗಿನ ಮೈಸೂರು ರಾಜ್ಯಕ್ಕೆ ಹೋಗಲಿ ಎಂದಿತು. ಮೊದಲನೆಯ ಪಟ್ಟಿಯಲ್ಲಿ ನಿಪ್ಪಾಣಿ ಇತ್ತು. ವರದಿ ಜಾರಿಗೆ ಬರಲಿಲ್ಲ, ನಿಪ್ಪಾಣಿ ಇದ್ದಲ್ಲೇ ಇತ್ತು, ಜಗಳವೂ ಇದ್ದಲ್ಲೇ ಇದೆ. ಮನೆಯಲ್ಲಿ ಯಾವ ಮಾತು ಎಂದು ಎಲ್ಲರೂ ಕೇಳಿದರು. ಮನೆಯಲ್ಲಿ ಯಾವ ಪುಸ್ತಕ ಇದೆ, ಅದನ್ನು ಓದಿ ಏನನ್ನಿಸಿತು ಅಂತ ಯಾವ ಆಯೋಗವೂ ಕೇಳಲಿಲ್ಲ. ಕೇಳಿದ್ದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ನಕಾಶೆ ಬೇರೆಯೇ ಆಗುತ್ತಿತ್ತು.

ನಮ್ಮ ಕಡೆ ಬಹಳ ಕಾಲ ಪುಸ್ತಕ ಅಂದರೆ ಕೇಳುವ ವಸ್ತು. ಓದಲು ಬರುವವನು ಒಬ್ಬ, ಕೇಳುವವರು ಓಣಿ ತುಂಬ. ಕಾಗವಾಡದಿಂದ ದೂರವಲ್ಲದ ನರಸೋಬವಾಡಿಗೆ, ಕೃಷ್ಣಾ-ಪಂಚಗಂಗಾ ಕೂಡುವ ದತ್ತನ ಕ್ಷೇತ್ರಕ್ಕೆ, ಈ ಐದೂ ತಾಲೂಕಿನ ಜನ ಹೋಗುತ್ತಾರೆ. ಅಲ್ಲಿಯ ಗ್ರಂಥ ಗುರುಚರಿತ್ರೆ, ಮರಾಠಿಯದು. ಅದನ್ನು ಬರೆದ ಸರಸ್ವತೀ ಗಂಗಾಧರನ ಮನೆಮಾತು ಮಾತ್ರ ಕನ್ನಡ ಎನ್ನುತ್ತಾರೆ. ಗ್ರಂಥದೊಳಗೆ ಕನ್ನಡ ಪದಗಳೂ ಬರುತ್ತವೆ. ಕನ್ನಡದವನೊಬ್ಬ ಬರೆದ ಮರಾಠಿಯನ್ನು ಕನ್ನಡದವರು ಕೂತು ಕೇಳುತ್ತಿದ್ದರು. ಏಳು ದಿನದ ಪಾರಾಯಣ. ಹೆಣ್ಣುಮಕ್ಕಳು ಅದನ್ನು ಓದಬಾರದು ಎಂಬ ಕಟ್ಟಳೆ ಬೇರೆ, ಹಾಗಾಗಿ ಅವರ ಪಾಲಿಗೆ ಅದು ಪೂರಾ ಕಿವಿಯ ಪುಸ್ತಕ. ನಮ್ಮ ಆಯಿಗೆ ಮರಾಠಿ ಸಂತೆಯ ವ್ಯವಹಾರಕ್ಕೆ ಬೇಕಾದಷ್ಟೇ ಬರುತ್ತಿತ್ತು. ಪಾರಾಯಣದಲ್ಲಿ ಏನು ತಿಳಿಯುತ್ತದೆ ಎಂದು ಕೇಳಿದ್ದೆ. "ಎಲ್ಲಾ ತಿಳೀತೈತಿ. ಅಳೂದು ಎಲ್ಲಿ ಬರತೈತಿ ಅನ್ನೂದು ತಿಳದರ ಆತಲ್ಲ" ಅಂದಳು.

ಮಳೆ ಬರದಿದ್ದರೆ ವಿರಾಟಪರ್ವ ಓದಿಸುವುದು ನಾಡಿನ ಬೇರೆ ಕಡೆಯಂತೆ ನಮ್ಮಲ್ಲೂ ಇತ್ತು. ಅಥಣಿಯ ಮೂಡಲ ಭಾಗದ ಬರ ಕಂಡವರಿಗೆ ಇದರ ಅರ್ಥ ಹೇಳಬೇಕಿಲ್ಲ. ಇಡೀ ಮಹಾಭಾರತವನ್ನು ಮನೆಯಲ್ಲಿ ಓದಿದರೆ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ ಎಂಬ ಹೆದರಿಕೆಯೂ ಇತ್ತು. ನಾವು ಗುಡ್‌ರೀಡ್ಸ್‌ನಲ್ಲಿ ನಾಲ್ಕು ಸ್ಟಾರ್ ಒತ್ತಿ ಮುಂದೆ ಹೋಗುತ್ತೇವೆ. ಪುಸ್ತಕದಿಂದ ಮಳೆ ಬರುತ್ತದೆ, ಪುಸ್ತಕದಿಂದ ಮನೆ ಒಡೆಯುತ್ತದೆ ಎಂದು ನಂಬಿದವರಿಗಿಂತ ಗಂಭೀರವಾದ ಓದುಗರು ಎಲ್ಲಿ ಸಿಗಬೇಕು?

ಜೈನರ ಮನೆಗಳ ಕಥೆ ಇನ್ನೊಂದು. ರತ್ನಾಕರವರ್ಣಿಯ ಭರತೇಶ ವೈಭವ ಸಾಂಗತ್ಯದಲ್ಲಿದೆ, ಅಂದರೆ ಹಾಡಲಿಕ್ಕೆಂದೇ ಕಟ್ಟಿದ್ದು. ಮೂಡಬಿದಿರೆಯ ಕವಿಯ ಹದಿನಾರನೆಯ ಶತಮಾನದ ಕಾವ್ಯ ಕೃಷ್ಣಾ, ದೂಧಗಂಗಾ ದಂಡೆಯ ಕಬ್ಬಿನ ಊರುಗಳಿಗೆ ಬಂದು ಕೂತಿತು. ಈ ಊರುಗಳ ಕಿವಿ ಎಷ್ಟು ಹುರಿಗೊಂಡಿತ್ತು ಎನ್ನುವುದಕ್ಕೆ ಮೂರು ಹೆಸರು ಸಾಕು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತ ಪ್ರಾಕೃತ ಗ್ರಂಥಗಳನ್ನು ಜಗತ್ತಿಗೆ ಓದಿಸಿದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಹಿಂದಿಯಲ್ಲಿ 'ಮೂಕಮಾಟಿ' ಎಂಬ ಮಹಾಕಾವ್ಯ ಬರೆದರು. ಕೋಥಳಿಯ ಆಚಾರ್ಯ ದೇಶಭೂಷಣರು ರತ್ನಾಕರನ ಶತಕವನ್ನು ಹಿಂದಿಗೆ ಒಯ್ದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತ ಕೇಳಿ ಬೆಳೆದವರಿಗೆ ಇನ್ನೊಂದು ಭಾಷೆ ಅಷ್ಟೇನೂ ಭಾರ ಅನ್ನಿಸಿರಲಿಕ್ಕಿಲ್ಲ.

ಅಕ್ಷರದ ಮಾತಿಗೆ ಬಂದರೆ ಕಥೆ ಇಷ್ಟು ಸಲೀಸಲ್ಲ. ಪೇಶ್ವೆಯರ ಕಾಲದಿಂದ ಕಚೇರಿ, ಲೆಕ್ಕಪತ್ರ ಎಲ್ಲ ಮೋಡಿ ಅಕ್ಷರದ ಮರಾಠಿ. ಕಂಪನಿ ಸರ್ಕಾರ ಬಂದ ಮೇಲೂ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯದೇ ಜೋರು. ಅದನ್ನು ತಿರುಗಿಸಲು ವಾಲ್ಟರ್ ಎಲಿಯಟ್, ಆಮೇಲೆ ಡೆಪ್ಯುಟಿ ಚನ್ನಬಸಪ್ಪ ಪಟ್ಟ ಪಾಡು ಧಾರವಾಡದ ಕಡೆ ಎಲ್ಲರಿಗೂ ಗೊತ್ತು. ರಾಯಬಾಗ ಮಾತ್ರ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ. ನಮ್ಮ ಮುತ್ಯಾ ಮೊದಲ ಇಯತ್ತೆಗಳನ್ನು ಮರಾಠಿಯಲ್ಲಿ ಕಲಿತು, ಆಮೇಲೆ ಕನ್ನಡಕ್ಕೆ ಹೊರಳಿ, ಕೊನೆಗೆ ಕನ್ನಡ ಶಾಲೆಯ ಮಾಸ್ತರನೇ ಆದವನು. ಸಿಟ್ಟು ಬಂದಾಗ ಕನ್ನಡ, ಲೆಕ್ಕ ಮಾಡುವಾಗ ಮರಾಠಿ. ಸಾಯುವವರೆಗೂ ಹಾಗೇ ಇತ್ತು.

ಆ ಹೊತ್ತಿಗೆ ಕನ್ನಡದಲ್ಲಿ ಕಾದಂಬರಿ ಓದುವ ಚಟ ಹಚ್ಚಿದವರು ಹಾವೇರಿ ಕಡೆಯ ಗಳಗನಾಥರು (1869–1942). ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಅವರ 'ಕನ್ನಡಿಗರ ಕರ್ಮಕಥೆ' ವಿಜಯನಗರ ಬಿದ್ದ ಕಥೆ. ಅದನ್ನು ಓದಿ ಕನ್ನಡಿಗರ ರಕ್ತ ಕುದಿಯಿತು ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಆಧಾರ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿ 'ವಜ್ರಾಘಾತ'. ಎರಡೂ ಭಾಷೆ ಬಲ್ಲ ಗಡಿಯ ಓದುಗನಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಇಂದು ಬೋರ್ಡಿಗೆ ಮಸಿ ಬಳಿಯುವವರಿಗೆ, ಅದು ಯಾವ ಕಡೆಯವರೇ ಇರಲಿ, ಈ ಸಂಗತಿ ಹೇಳಿ ನೋಡಿ.

ಮುತ್ಯಾ ಹೋದ ಮೇಲೆ ಟ್ರಂಕಿನಲ್ಲಿ ಒಂದು ವಹಿ ಸಿಕ್ಕಿತು. ಹಾಲಿನ ಲೆಕ್ಕ, ಕಬ್ಬಿನ ಬಿಲ್ಲು, ಅದರ ಹಿಂಬದಿಯಿಂದ ತಲೆಕೆಳಗಾಗಿ ಶುರುವಾದ ಪುಸ್ತಕಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ಒಂದೋ ಎರಡೋ ಸಾಲು. ಕೆಲವು ಕನ್ನಡ ಅಕ್ಷರದಲ್ಲಿ, ಕೆಲವು ಬಾಳಬೋಧದಲ್ಲಿ. ಬಹಳ ಸಲ ಕನ್ನಡ ಪುಸ್ತಕದ ಮುಂದೆ ಮರಾಠಿ ಷರಾ, ಮರಾಠಿ ಪುಸ್ತಕದ ಮುಂದೆ ಕನ್ನಡ ಷರಾ. ಈ ಭಾಗದ ಓದುಗರ ಬಗ್ಗೆ ನಾನು ಕಂಡ ಅತ್ಯಂತ ನಂಬಿಕಸ್ಥ ದಾಖಲೆ ಇದೇ.

ಮಿರ್ಜಿ ಅಣ್ಣಾರಾಯರ 'ನಿಸರ್ಗ'ದ ಮುಂದೆ ಅರ್ಧ ಪುಟ ಇದೆ. ಅಣ್ಣಾರಾಯರು ಶೇಡಬಾಳದವರು, ಈಗ ಅದು ಕಾಗವಾಡ ತಾಲೂಕು. 1918ರಲ್ಲಿ ಹುಟ್ಟಿದರು, ಅವರೂ ಮಾಸ್ತರರೇ. ಕೃಷ್ಣಾ ತೀರದ ಜೈನ ಒಕ್ಕಲುಮಕ್ಕಳ ಬದುಕನ್ನು ಅಲ್ಲಿಯ ಆಡುಮಾತಿನಲ್ಲೇ ಬರೆದರು. ಮುತ್ಯಾ ಬರೆದದ್ದು: "ರಾತ್ರಿ ಓದಿ ಹೇಳಿದೆ. ಇಂಥಾ ಮಾತನ್ನ ಪುಸ್ತಕದಾಗ ಬರೀತಾರೇನು ಅಂತ ಈಕಿ ಕೇಳಿದಳು. ನನಗೂ ಹಂಗ ಅನಸಿತು. ಶಾಲ್ಯಾಗ ಹುಡುಗೂರಿಗೆ 'ಐತಿ' ಅಂದರ ತಿದ್ದತೇನಿ, 'ಇದೆ' ಅನ್ನು ಅಂತೇನಿ. ನಾಳಿಂದ ಏನ್ ಹೇಳಲಿ?" ವಿಮರ್ಶಕರು ಪ್ರಾದೇಶಿಕ ಕಾದಂಬರಿ ಎಂದು ಹೆಸರಿಟ್ಟು ಬರೆದ ಎಷ್ಟೋ ಪುಟ ಓದಿದ್ದೇನೆ. ತಿದ್ದುವ ಮಾಸ್ತರನ ಕೈ ನಡುಗಿದ್ದು ಅಲ್ಲಿ ಎಲ್ಲೂ ಸಿಗಲಿಲ್ಲ.

ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಇವೆಲ್ಲ ಮೀರಜ-ಬೆಳಗಾವಿ ರೈಲುದಾರಿಯ ಸ್ಟೇಶನ್ನುಗಳು. ಮೀರಜಕ್ಕೆ ದವಾಖಾನೆಗೆ ಹೋದವರು ಮರಾಠಿ ಪುಸ್ತಕ ತರುತ್ತಿದ್ದರು, ಬೆಳಗಾವಿಗೆ ಹೋದವರು ಕನ್ನಡದ್ದು. ಕಿರ್ಲೋಸ್ಕರವಾಡಿಯ 'ಕಿರ್ಲೋಸ್ಕರ', 'ಸ್ತ್ರೀ' ಮಾಸಿಕಗಳು ಒಂದು ಕಡೆ, ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ 'ಕಸ್ತೂರಿ' ಇನ್ನೊಂದು ಕಡೆ. ಕಸ್ತೂರಿಯ ಪುಸ್ತಕ ವಿಭಾಗದಲ್ಲಿ ಎಲ್ಲೆಲ್ಲಿಯದೋ ಇಡೀ ಪುಸ್ತಕದ ಸಂಗ್ರಹ ಬರುತ್ತಿತ್ತು. ವಹಿಯಲ್ಲಿ ಅದಕ್ಕೆ ಸಾಮಾನ್ಯ ಷರಾ ಒಂದೇ: "ಪೂರಾ ಸಿಕ್ಕಿದ್ದರ ಬೇಷಿತ್ತು."

ಶಿವಾಜಿ ಸಾವಂತರ 'ಮೃತ್ಯುಂಜಯ'ವನ್ನು ನಮ್ಮ ಕಡೆ ಓದದ ಮನೆ ಕಡಿಮೆ. ಮುತ್ಯಾ ಮರಾಠಿಯಲ್ಲೇ ಓದಿ ಬರೆದ: "ಕರ್ಣ ಚಲೋ. ಆದರ ಇಷ್ಟು ಒಳ್ಳೆಯವ ಇದ್ದಿದ್ದರ ಸಭಾದಾಗ ದ್ರೌಪದಿಗೆ ಆ ಮಾತು ಅಂತಿದ್ದನೇನು?" ಖಾಂಡೇಕರರ 'ಯಯಾತಿ'ಗೆ: "ಮಗನ ಹಂತ್ಯಾಕ ಪ್ರಾಯ ಕೇಳಿದ್ದಕ್ಕ ಇವರಿಗೆ ಆಶ್ಚರ್ಯ. ನಮ್ಮೂರಾಗ ದಿನಾ ಕೇಳತಾರ." ಜಿ. ಎ. ಕುಲಕರ್ಣಿ ಹುಟ್ಟಿದ್ದು ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ, ಜೀವಮಾನ ಕಳೆದದ್ದು ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ, ಬರೆದದ್ದು ಮರಾಠಿಯಲ್ಲಿ. 1973ರಲ್ಲಿ 'ಕಾಜಳಮಾಯಾ'ಕ್ಕೆ ಬಂದ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ವಾಪಸ್ ಮಾಡಿದವರು. ಅವರ ಕಥೆಗಳಿಗೆ ಷರಾ: "ತಿಳೀಲಿಲ್ಲ. ಮತ್ತ ಓದಬೇಕು." ಆರು ಪುಟದ ನಂತರ ಅದೇ ಹೆಸರು: "ಮತ್ತ ಓದಿದೆ. ತಿಳೀಲಿಲ್ಲ. ನಿದ್ದಿ ಬರಲಿಲ್ಲ."

ಭೈರಪ್ಪನವರ 'ಪರ್ವ' ನಮ್ಮ ಮನೆಯಲ್ಲಿ ಎರಡು ಭಾಷೆಯಲ್ಲೂ ಇತ್ತು. ಮುತ್ಯಾ ಕನ್ನಡದ್ದು ಓದಿದ, ಅವನ ತಂಗಿಯ ಗಂಡ ಇಚಲಕರಂಜಿಯವನು, ಉಮಾ ಕುಲಕರ್ಣಿಯವರ ಮರಾಠಿ ಅನುವಾದ ಓದಿದ. ಇಬ್ಬರೂ ಕೂತರೆ ಜಗಳ: ಧರ್ಮರಾಜ ಹೇಡಿಯೋ, ಶಾಣ್ಯಾನೋ? ನಿಮ್ಮ ಪುಸ್ತಕದಲ್ಲಿ ಹಾಗಿದೆ, ನಮ್ಮದರಲ್ಲಿ ಹೀಗಿದೆ ಎಂದು ಒಬ್ಬರೂ ಅನ್ನುತ್ತಿರಲಿಲ್ಲ, ಇಬ್ಬರಿಗೂ ಅದು ಒಂದೇ ಪುಸ್ತಕ. ಬೆಳಗಾವಿಯಲ್ಲಿ ಹುಟ್ಟಿದ ಉಮಾ ಅವರು ಅನುವಾದ ಮಾಡಿದ ಬಗೆಯೂ ನಮ್ಮ ಓಣಿಯ ಪಾರಾಯಣದ ಹಾಗೆಯೇ. ಪತಿ ವಿರೂಪಾಕ್ಷ ಕನ್ನಡವನ್ನು ಗಟ್ಟಿಯಾಗಿ ಓದುವುದು, ಅವರು ಕೇಳಿ ಮರಾಠಿಗೆ ಇಳಿಸುವುದು. 'ವಂಶವೃಕ್ಷ'ದ ಅನುವಾದಕ್ಕೆ ಅಕಾಡೆಮಿ ಬಹುಮಾನ ಬಂತು. ಭೈರಪ್ಪನವರಿಗೆ ಮಹಾರಾಷ್ಟ್ರದಲ್ಲಿ ಸಿಕ್ಕ ಓದುಗರ ದಂಡಿನ ಹಿಂದೆ ಇರುವುದು ಹೀಗೆ ಕೇಳಿದ ಒಂದು ಕಿವಿ.

ವಹಿಯಲ್ಲಿ ಇಲ್ಲದ್ದನ್ನೂ ಹೇಳಬೇಕು. 1920ರಲ್ಲಿ ಅಂಬೇಡ್ಕರರು 'ಮೂಕನಾಯಕ' ಶುರು ಮಾಡಿದಾಗ ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಗೇ ಬಂದು ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಮರಾಠಿ ಪತ್ರಿಕೆಯನ್ನು ಒಬ್ಬ ಓದಿ ಕೇರಿ ಪೂರ್ತಿ ಕೇಳುವ ಕಾಲ ಅದು. ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ದುಡಿದ ಹೆಂಗಸರ ಬದುಕು ಪುಸ್ತಕಕ್ಕೆ ಬಂದದ್ದೂ ಮರಾಠಿಯಲ್ಲೇ, ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತ ಕಥೆ ಬರೆದ ಮಹಾದೇವ ಮೋರೆಯವರಿಂದ. ನಮ್ಮ ಮುತ್ಯಾನ ಪಟ್ಟಿಯಲ್ಲಿ ಮೋರೆ ಇಲ್ಲ, ಅಂಬೇಡ್ಕರರೂ ಇಲ್ಲ. ಎರಡು ಭಾಷೆ ದಾಟಿದವನು ಊರ ಹೊರಗಿನ ಕೇರಿಯವರೆಗೆ ದಾಟಲಿಲ್ಲ. ಈ ಗಡಿ ಯಾವ ಆಯೋಗದ ನಕಾಶೆಯಲ್ಲೂ ಇಲ್ಲ, ಆದರೆ ಎಲ್ಲಕ್ಕಿಂತ ಗಟ್ಟಿ ಅದೇ ಇತ್ತು.

ಈಗ ಊರಲ್ಲಿ ಪಂಚಾಯತಿಯ ಗ್ರಂಥಾಲಯ ಇದೆ, ಹೆಸರು ಅರಿವು ಕೇಂದ್ರ. ಸ್ಪರ್ಧಾ ಪರೀಕ್ಷೆಯ ಹುಡುಗರಿಂದ ತುಂಬಿರುತ್ತದೆ, ಒಳ್ಳೆಯದೇ. ಬಾಳಬೋಧ ಓದುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ನನ್ನ ತಮ್ಮನ ಮಗಳು ಹಿಂದಿ ಪಾಠದ ಬಲದಿಂದ ಮುತ್ಯಾನ ಅಕ್ಷರ ಕೂಡಿಸಿ ಓದುತ್ತಾಳೆ, ಅರ್ಥ ಆಗುವುದಿಲ್ಲ. ಇಚಲಕರಂಜಿಯ ಸೋದರಸಂಬಂಧಿಯ ಮಕ್ಕಳಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಮದುವೆಯಲ್ಲಿ ಸೇರಿದಾಗ ಇವರೆಲ್ಲ ಮಾತಾಡುವುದು ಇಂಗ್ಲಿಷು, ಜಗಳಕ್ಕೆ ಪುಸ್ತಕವೇ ಇಲ್ಲ. ಮೋಡಿ ಅಕ್ಷರದ ದಫ್ತರಗಳನ್ನು ಮನೆ ಕೆಡವುವಾಗ ರದ್ದಿಗೆ ಹಾಕಿದ್ದಾರೆ, ಕಿಲೋ ಲೆಕ್ಕದಲ್ಲಿ.

ವಹಿಯ ಕೊನೆಯ ಹಾಳೆ ಎರವಲು ಕೊಟ್ಟ ಪುಸ್ತಕಗಳದು. ಹೆಸರಿನ ಮುಂದೆ ಊರು: ಕುಡಚಿ, ಉಗಾರ, ಐನಾಪುರ, ಮೀರಜ, ಜಯಸಿಂಗಪುರ. ವಾಪಸ್ ಬಂದದ್ದರ ಮೇಲೆ ಗೀಟು. ಒಂಬತ್ತಕ್ಕೆ ಗೀಟಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ: "ಇನ್ನ ಯಾರಿಗೂ ಕೊಡಬಾರದು." ಅದರ ಕೆಳಗೆ, ಮರುತಿಂಗಳ ತಾರೀಖಿನಲ್ಲಿ, ಮತ್ತೆ ಮೂರು ಹೆಸರು.