ಪರಿಹಾರದ ಗಡಿಯಾರ: ಅರವತ್ತು ದಿನದಿಂದ ಆರು ತಿಂಗಳವರೆಗೆ

ನಮ್ಮ ಕಡೆ ರಸ್ತೆ ಅಪಘಾತವಾದ ಮೂರನೇ ದಿನಕ್ಕೋ ಐದನೇ ದಿನಕ್ಕೋ ಒಂದು ಪಂಚಾಯಿತಿ ಸೇರುತ್ತದೆ. ಗುದ್ದಿದ ಗಾಡಿಯವರ ಕಡೆಯ ನಾಲ್ಕು ಜನ, ಪೆಟ್ಟು ತಿಂದವರ ಕಡೆಯ ನಾಲ್ಕು ಜನ, ನಡುವೆ ಊರಿನ ಹಿರಿಯರೊಬ್ಬರು. "ಆಗಿದ್ದು ಆಗಿಹೋಯ್ತು. ಕೋರ್ಟು ಕಚೇರಿ ಅಂತ ಅಲೆದು ಯಾರು ಉದ್ಧಾರ ಆಗಿದ್ದಾರೆ? ಐವತ್ತು ಸಾವಿರ ಕೊಡ್ತಾರೆ, ಮುಗಿಸ್ಕೊಳ್ಳಿ" ಅನ್ನುವ ಮಾತು ಬರುತ್ತದೆ. ಛಾಪಾ ಕಾಗದದ ಮೇಲೆ ಸಹಿ ಬೀಳುತ್ತದೆ.

ವರದಿಗೆಂದು ಹೋದ ನಾವು ಇಂಥ ಪಂಚಾಯಿತಿಗಳ ಅಂಚಿನಲ್ಲಿ ಹಲವು ಸಲ ನಿಂತಿದ್ದೇವೆ. ಅಲ್ಲಿ ಯಾರೂ ಕೇಳದ ಪ್ರಶ್ನೆ ಎರಡು. ಕಾನೂನು ಎಷ್ಟು ಕೊಡುತ್ತದೆ? ಕೇಳೋಕೆ ಎಷ್ಟು ದಿನ ಟೈಮಿದೆ? ಈ ಎರಡು ಪ್ರಶ್ನೆಗೆ ಉತ್ತರ ಸಿಗಲು ನಮ್ಮ ದೇಶ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದಿದೆ. ಎರಡನೇ ಉತ್ತರ ಈಚೆಗೆ ಮತ್ತೆ ಬದಲಾಗಿದೆ. ಅದು ಗೊತ್ತಿಲ್ಲದವರು ಹಕ್ಕನ್ನೇ ಕಳೆದುಕೊಳ್ಳಬಹುದು.

ಬ್ರಿಟಿಷರ ಕಾಲದ ಬಾಗಿಲು

ಇನ್ನೊಬ್ಬರ ತಪ್ಪಿನಿಂದ ಮನೆಯವರು ಸತ್ತರೆ ಹಣ ಕೇಳಬಹುದು ಎಂದು ಇಲ್ಲಿ ಮೊದಲು ಬರೆದಿಟ್ಟದ್ದು 1855ರ ಮಾರಕ ಅಪಘಾತ ಕಾಯ್ದೆ. ಆಗ ಮೋಟಾರು ಗಾಡಿಗಳೇ ಇರಲಿಲ್ಲ. ಇಂಗ್ಲೆಂಡಿನಲ್ಲಿ 1846ರಲ್ಲಿ ಬಂದಿದ್ದ ಕಾನೂನಿನ ಮಾದರಿ ಅದು. ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳು ಮಾತ್ರ ಕೇಳಬಹುದಿತ್ತು. ಅದೂ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ. ಕೂಲಿ ಮಾಡುವ ಮನೆಗೆ ಆ ಬಾಗಿಲು ಇದ್ದೂ ಇಲ್ಲದ ಹಾಗೆ.

1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಂದು ನಾವು ಕರೆಯುವುದು ಇದನ್ನೇ. ಇದರ ಹಿಂದಿನ ಯೋಚನೆ ಸರಳ. ಗುದ್ದಿದವನ ಹತ್ತಿರ ದುಡ್ಡಿಲ್ಲದಿದ್ದರೂ ಗುದ್ದಿಸಿಕೊಂಡವನಿಗೆ ಸಿಗಬೇಕು. ಪೊಲೀಸರಿಗೆ ತೋರಿಸೋಕೆ ಎಂದು ನಾವು ಡಿಕ್ಕಿಯಲ್ಲಿ ಮಡಚಿಡುವ ಆ ಕಾಗದ ನಿಜವಾಗಿ ಇರುವುದು ದಾರಿಯಲ್ಲಿ ಹೋಗುವ ಮೂರನೆಯವರಿಗಾಗಿ.

ಗಡಿಯಾರ ಶುರುವಾದದ್ದು

1956ರ ತಿದ್ದುಪಡಿ ದೊಡ್ಡ ಹೆಜ್ಜೆ. ಮಾಮೂಲಿ ದಾವೆಯ ಬದಲು ಅಪಘಾತ ಪರಿಹಾರಕ್ಕೇ ಬೇರೆ ನ್ಯಾಯಮಂಡಳಿಗಳನ್ನು ಮಾಡಬಹುದು ಎಂದಿತು. ಇವತ್ತು ವಕೀಲರು 'ಎಂಎಸಿಟಿ' ಅನ್ನುವುದು ಇದನ್ನೇ. ಆದರೆ ಜೊತೆಗೊಂದು ಗಡುವೂ ಬಂತು: ಅಪಘಾತವಾದ 60 ದಿನದೊಳಗೆ ಅರ್ಜಿ. ಆಸ್ಪತ್ರೆಯಿಂದ ಮನೆಗೆ ಬರುವುದರೊಳಗೇ ಆ ದಿನಗಳು ಮುಗಿಯುತ್ತಿದ್ದವು. 1969ರಲ್ಲಿ ಅದನ್ನು ಆರು ತಿಂಗಳಿಗೆ ಏರಿಸಿದರು.

ಇನ್ನೊಂದು ತೊಡಕೂ ಇತ್ತು. ಚಾಲಕನದೇ ತಪ್ಪು ಎಂದು ಸಾಬೀತು ಮಾಡದೆ ಮಾಲೀಕನಿಂದಾಗಲಿ ವಿಮಾ ಕಂಪನಿಯಿಂದಾಗಲಿ ಹಣ ಬರುವುದಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾತ್ರಿ ಹೊತ್ತು, ನಿರ್ಜನ ರಸ್ತೆ, ಸತ್ತವನೇ ಏಕೈಕ ಸಾಕ್ಷಿ. ಇಂಥ ಕಡೆ ಯಾರನ್ನು ಕರೆತಂದು ಸಾಬೀತು ಮಾಡುವುದು? ತಪ್ಪು ಯಾರದೇ ಇರಲಿ, ಒಂದಷ್ಟು ಪರಿಹಾರ ಸಿಗುವ ದಿಕ್ಕಿನಲ್ಲಿ ಕಾನೂನು ಬೆಳೆಯಬೇಕು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪುಗಳಲ್ಲಿ ಒತ್ತಾಯಿಸಿದರು. 1982ರಲ್ಲಿ ಅದು ಕಾನೂನಾಯಿತು. ಸಾವಿಗೆ 15,000, ಶಾಶ್ವತ ಅಂಗವಿಕಲತೆಗೆ 7,500 ರೂಪಾಯಿ. ಗುದ್ದಿ ಓಡಿಹೋದ ಪ್ರಕರಣಗಳಿಗೂ ಪರಿಹಾರ ನಿಧಿ ಶುರುವಾದದ್ದು ಆಗಲೇ.

1987ರಲ್ಲಿ ಗುಜರಾತಿನ ಒಂದು ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಸತ್ತವನು ಹುಡುಗ, ಪರಿಹಾರ ಕೇಳಿದವರು ಅಣ್ಣತಮ್ಮಂದಿರು. 1855ರ ಪಟ್ಟಿಯಲ್ಲಿ ಅಣ್ಣತಮ್ಮಂದಿರು ಇಲ್ಲವಲ್ಲ ಎಂದು ಎದುರು ಕಡೆಯವರ ವಾದ. ನಮ್ಮ ಮನೆಗಳಲ್ಲಿ ಒಬ್ಬರನ್ನೊಬ್ಬರು ನೆಚ್ಚಿಕೊಂಡು ಬದುಕುವ ರೀತಿಯೇ ಬೇರೆ, ಹಾಗಾಗಿ ಸಹೋದರರೂ ಕೇಳಬಹುದು ಎಂದು ಕೋರ್ಟ್ ತೀರ್ಮಾನಿಸಿತು. ಆ ತೀರ್ಪು ಬರೆದವರು ಕನ್ನಡಿಗರಾದ, ಮುಂದೆ 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ.

1988ರ ಹೊಸ ಕಾಯ್ದೆಯಲ್ಲೂ ಆರು ತಿಂಗಳ ಗಡುವು ಉಳಿಯಿತು. ತಕ್ಕ ಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ, ಅದರಾಚೆ ಇಲ್ಲ. ಕೊನೆಗೆ 1994ರಲ್ಲಿ ಸಂಸತ್ತು ಆ ಗಡುವನ್ನೇ ಕಿತ್ತುಹಾಕಿತು. ಅಪಘಾತವಾದ ಜಾಗದಲ್ಲಷ್ಟೇ ಅಲ್ಲ, ನೊಂದವರು ವಾಸ ಇರುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು ಎಂದಿತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಅಲ್ಲಿ ಸತ್ತವನ ತಾಯಿ ತನ್ನ ಊರಿನ ಕಡೆಯೇ ಕೇಸು ನಡೆಸಲು ಸಾಧ್ಯವಾದದ್ದು ಹೀಗೆ.

ಸಂಬಳದ ಚೀಟಿ ಇಲ್ಲದವರ ಲೆಕ್ಕ

ಎಷ್ಟು ಹಣ ಎಂಬುದು ಬಹುಕಾಲ ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಬದಲಾಗುತ್ತಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕ ಗುಣಕದ ಪಟ್ಟಿಯನ್ನು ದೇಶಕ್ಕೆಲ್ಲ ಒಂದೇ ಮಾಡಿತು. ಸ್ವಂತ ದುಡಿಮೆಯವರ ಆದಾಯವೂ ಮುಂದೆ ಏರುತ್ತಿತ್ತು ಎಂದು ಲೆಕ್ಕ ಹಿಡಿಯಬೇಕು ಎಂದು 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮನೆಗೆಲಸ ಮಾಡುವ ಹೆಣ್ಣುಮಕ್ಕಳ ದುಡಿಮೆಗೂ ಬೆಲೆ ಕಟ್ಟಲೇಬೇಕು ಎಂಬುದನ್ನು 2001, 2010 ಮತ್ತು 2021ರ ತೀರ್ಪುಗಳು ಗಟ್ಟಿ ಮಾಡಿದವು.

ನಮ್ಮ ರಾಜ್ಯದ ಎರಡು ಪ್ರಕರಣಗಳು ಇಲ್ಲಿ ಮುಖ್ಯ. ಒಂದರಲ್ಲಿ ಗಾಯಗೊಂಡವರು ಕೂಲಿಕಾರರು. ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದರೆ ನ್ಯಾಯಮಂಡಳಿ 3,000 ಎಂದು ಹಿಡಿದಿತ್ತು. ಕೂಲಿಯವನು ಸಂಬಳದ ಚೀಟಿ ಎಲ್ಲಿಂದ ತರಬೇಕು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತನ್ನೇ ಒಪ್ಪಿತು. ಇನ್ನೊಂದರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿ. ಆ ಕಾಲಿಲ್ಲದೆ ಅವರ ದುಡಿಮೆಯ ಶಕ್ತಿ ಶೇ. 85ರಷ್ಟು ಹೋಯಿತು ಎಂದು 2014ರಲ್ಲಿ ಕೋರ್ಟ್ ಲೆಕ್ಕ ಹಾಕಿತು.

ಈಗ ಪಂಚಾಯಿತಿಯ ಐವತ್ತು ಸಾವಿರಕ್ಕೆ ಬರೋಣ. ಉದಾಹರಣೆಗೆ 35 ವರ್ಷದ ಕೂಲಿಕಾರ ಸತ್ತರೆ, ಮನೆಯಲ್ಲಿ ನಾಲ್ಕು ಜನ ಅವನನ್ನೇ ನಂಬಿದ್ದರೆ, ತಿಂಗಳ ಆದಾಯ 12,000 ಎಂದು ಕೋರ್ಟ್ ಒಪ್ಪಿದರೆ ಲೆಕ್ಕ ಹೀಗೆ. ವರ್ಷಕ್ಕೆ 1,44,000. ಮುಂದಿನ ಏರಿಕೆಗೆ ಶೇ. 40 ಸೇರಿಸಿದರೆ 2,01,600. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,51,200. ಆ ವಯಸ್ಸಿನ ಗುಣಕ 16. ಒಟ್ಟು 24,19,200 ರೂಪಾಯಿ. ಇದನ್ನು ತಿಳಿಯದೆ ನಾವು ಐವತ್ತು ಸಾವಿರಕ್ಕೆ ಕೈ ಮುಗಿದು ಬರುತ್ತಿದ್ದೇವೆ.

ಗಡಿಯಾರ ಮತ್ತೆ ಬಂದಿದೆ

2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಯಿತು. ಪರಿಹಾರದ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ಒಳ್ಳೆಯದೂ ಇದೆ. ಯಾರ ತಪ್ಪು ಎಂದು ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಇದಕ್ಕೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ಕಂದಾಯ ಅಧಿಕಾರಿಗೆ ಅರ್ಜಿ ಕೊಡಬೇಕು. ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ.

ಆದರೆ 1994ರಲ್ಲಿ ಕಿತ್ತುಹಾಕಿದ್ದ ಆರು ತಿಂಗಳ ಗಡುವನ್ನು ಇದೇ ತಿದ್ದುಪಡಿ ವಾಪಸು ತಂದಿತು. ತಡವಾದರೆ ಮನ್ನಿಸುವ ಮಾತು ಈ ಸಲ ಅದರಲ್ಲಿಲ್ಲ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಅದನ್ನು ನಂಬಿಕೊಂಡು ಕೂರಬೇಡಿ. ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ಅರ್ಜಿ ಎಂದು ಪರಿಗಣಿಸಲು ಅವಕಾಶವಿದೆ, ಅದನ್ನೂ ನೆಚ್ಚಿ ಸುಮ್ಮನಿರಬೇಡಿ.

ಹಳ್ಳಿಯ ಲೆಕ್ಕದಲ್ಲಿ ಆರು ತಿಂಗಳು ಎಷ್ಟು? ತಿಥಿ ಮುಗಿಯಬೇಕು, ಒಂದು ಸುಗ್ಗಿ ಕಳೆಯಬೇಕು, ಮುರಿದ ಕಾಲಿನ ರಾಡು ತೆಗೆಸಬೇಕು. ಅಷ್ಟರಲ್ಲಿ ಮುಗಿದೇಹೋಯಿತು.

ಹಾಗಾದರೆ ಏನು ಮಾಡಬೇಕು?

ಮೊದಲು 112ಕ್ಕೆ ಕರೆ, ಆಸ್ಪತ್ರೆ. ಕರೆತಂದವರನ್ನು ಪೊಲೀಸರು ಪೀಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿದೆ, ಈಗ ಕಾಯ್ದೆಯಲ್ಲೂ ಇದೆ.

ಡಾಕ್ಟರ ಮುಂದೆ ನಿಜ ಹೇಳಿ. ಪೊಲೀಸ್ ರಗಳೆ ಬೇಡವೆಂದು "ತಾನಾಗೇ ಬಿದ್ದ" ಎಂದು ಬರೆಸಿದರೆ, ನಾಳೆ ವಿಮಾ ಕಂಪನಿಯ ವಕೀಲರು ಅದೇ ಚೀಟಿ ಹಿಡಿದು ನಿಲ್ಲುತ್ತಾರೆ. ಸಾವಾದರೆ ಮರಣೋತ್ತರ ಪರೀಕ್ಷೆ ಬೇಡ ಅನ್ನಬೇಡಿ.

ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ದೂರು ತಡವಾಯಿತು ಎಂಬುದೊಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದು ಎಂದು 2011ರ ತೀರ್ಪಿದೆ. ಗಾಡಿ ನಂಬರು, ಜಾಗದ ಫೋಟೊ, ಆಸ್ಪತ್ರೆಯ ಬಿಲ್ಲು, ಔಷಧಿ ಚೀಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿಡಿ. ವಕೀಲರಿಗೆ ಕೊಡೋಕೆ ಹಣವಿಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಇನ್ನೊಂದು ಮಾತು. ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಗೂಡ್ಸ್ ಗಾಡಿಯಲ್ಲೋ ಮದುವೆಗೆ, ಜಾತ್ರೆಗೆ ಜನ ತುಂಬಿಕೊಂಡು ಹೋಗುತ್ತೇವಲ್ಲ, ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆಗ ಹೊರೆ ಬೀಳುವುದು ಗಾಡಿ ಮಾಲೀಕನ ಮೇಲೆ, ಅಂದರೆ ನಮ್ಮದೇ ಊರಿನ ರೈತನ ಹೊಲದ ಮೇಲೆ.

ಊರ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ಜಗಳ ಬೆಳೆಯಬಾರದೆಂಬುದು ಅವರ ಆಸೆ. ಆದರೆ ಪರಿಹಾರ ಕೇಳುವುದು ಜಗಳವಲ್ಲ. ಗಾಡಿಗೆ ವಿಮೆ ಚಾಲ್ತಿಯಲ್ಲಿದ್ದು ಷರತ್ತು ಮುರಿಯದಿದ್ದರೆ ಹಣ ಕೊಡುವುದು ಕಂಪನಿಯೇ ಹೊರತು ಪಕ್ಕದ ಊರಿನ ಆ ಹುಡುಗನಲ್ಲ. ಮುಂದಿನ ಸಲ ಪಂಚಾಯಿತಿ ಸೇರಿದಾಗ ಸಹಿ ಹಾಕುವ ಮೊದಲು ಯಾರಾದರೊಬ್ಬರು ಕೇಳಿ: ಅಪಘಾತವಾಗಿ ಎಷ್ಟು ದಿನವಾಯಿತು?