ಮರದ ಕಡ್ಡಿ ಕಲಿಸಿದ ಪಾಠ

"ಮದ್ದು ಕುಡಿದೆ, ನೋವು ಹೋಯಿತು" ಎಂಬ ಮಾತನ್ನು ನಾವು ದಿನನಿತ್ಯ ಕೇಳುತ್ತೇವೆ. ಆದರೆ ನೋವು ಹೋದದ್ದು ಮದ್ದಿನಿಂದಲೇ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ.

ಅಮೆರಿಕದ ವೈದ್ಯ ಎಲಿಶಾ ಪರ್ಕಿನ್ಸ್ 1796ರಲ್ಲಿ ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದರು. ನೋವಿರುವ ಜಾಗದ ಮೇಲೆ ಅವನ್ನು ಎಳೆದರೆ ನೋವು ಹೊರಟುಹೋಗುತ್ತದೆ ಎಂಬುದು ಅವರ ವಾದ. ಲಂಡನ್ನಿನಲ್ಲಿ ಜೋಡಿಯೊಂದಕ್ಕೆ ಐದು ಗಿನಿ ಬೆಲೆ. ಗುಣವಾಯಿತೆಂದು ಸಾಕ್ಷಿ ಹೇಳಿದವರು ಅನೇಕರು. ಇಂಗ್ಲೆಂಡಿನ ಬಾತ್ ನಗರದ ವೈದ್ಯ ಜಾನ್ ಹೇಗಾರ್ತ್ 1799ರಲ್ಲಿ ಅದೇ ಆಕಾರದ ಮರದ ಕಡ್ಡಿಗಳಿಗೆ ಬಣ್ಣ ಬಳಿಸಿ ಪ್ರಯೋಗಿಸಿದರು. ಐವರು ರೋಗಿಗಳಲ್ಲಿ ನಾಲ್ವರು ನೋವು ತಗ್ಗಿತೆಂದರು. ಮರುದಿನ ಲೋಹದ ಕಡ್ಡಿ ಬಳಸಿದಾಗಲೂ ಫಲ ಹೆಚ್ಚುಕಡಿಮೆ ಅಷ್ಟೇ!

ಇಂತಹ ಹುಸಿ ಚಿಕಿತ್ಸೆಗೆ 'ಪ್ಲಸೀಬೊ' ಎಂದು ಹೆಸರು. 1955ರಲ್ಲಿ ಅಮೆರಿಕದ ಹೆನ್ರಿ ಬೀಚರ್ 15 ಅಧ್ಯಯನಗಳ 1,082 ರೋಗಿಗಳ ಲೆಕ್ಕ ತೆಗೆದು, ಸರಾಸರಿ ಶೇ. 35ರಷ್ಟು ಮಂದಿಗೆ ಪ್ಲಸೀಬೊದಿಂದ ಉಪಶಮನವಾಯಿತೆಂದು ಬರೆದರು. 1959ರಲ್ಲಿ ಸಿಯಾಟಲ್‌ನ ವೈದ್ಯರು, ಹೃದಯದ ನೋವಿಗೆ ಎದೆಯ ರಕ್ತನಾಳ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಪರೀಕ್ಷಿಸಿದರು. 17 ರೋಗಿಗಳಲ್ಲಿ ಕೆಲವರಿಗೆ ನಾಳ ಕಟ್ಟಿ, ಉಳಿದವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ನಾಳ ಕಟ್ಟಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆ ಶಸ್ತ್ರಚಿಕಿತ್ಸೆ ಕ್ರಮೇಣ ನಿಂತುಹೋಯಿತು.

ಆದರೆ ಬೀಚರ್ ಲೆಕ್ಕದಲ್ಲೂ ಒಂದು ದೋಷವಿತ್ತು. ಅನೇಕ ಕಾಯಿಲೆಗಳು ತಾವಾಗಿಯೇ ಇಳಿಯುತ್ತವೆ. ನೋವು ವಿಪರೀತವಾದಾಗಲೇ ನಾವು ವೈದ್ಯರ ಬಳಿ ಹೋಗುವುದರಿಂದ, ಏನೂ ಮಾಡದಿದ್ದರೂ ಮುಂದೆ ಅದು ತಗ್ಗುವ ಸಂಭವವೇ ಹೆಚ್ಚು. ಈ ಸುಧಾರಣೆಯನ್ನೂ ಅವರು ಪ್ಲಸೀಬೊದ ಖಾತೆಗೇ ಸೇರಿಸಿದ್ದರು. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಪ್ಲಸೀಬೊ ಪಡೆದವರನ್ನು ಯಾವ ಚಿಕಿತ್ಸೆಯನ್ನೂ ಪಡೆಯದವರೊಂದಿಗೆ ಹೋಲಿಸಿದ 114 ಪ್ರಯೋಗಗಳನ್ನು ಪರಿಶೀಲಿಸಿದರು. ನೋವಿನಂತಹ, ರೋಗಿಯೇ ಹೇಳಬೇಕಾದ ವಿಷಯಗಳಲ್ಲಿ ಅಲ್ಪ ಪ್ರಯೋಜನ ಕಂಡಿತೇ ಹೊರತು ಬೇರೆಡೆ ಗಮನಾರ್ಹ ಪರಿಣಾಮ ಸಿಗಲಿಲ್ಲ.

ಒಂದು ಉದಾಹರಣೆ ನೋಡೋಣ. ಮದ್ದು ಪಡೆದ ನೂರರಲ್ಲಿ 60 ಮಂದಿಗೆ, ಪ್ಲಸೀಬೊ ಪಡೆದ ನೂರರಲ್ಲಿ 45 ಮಂದಿಗೆ ಗುಣವಾಯಿತೆನ್ನಿ. ಆಗ ಮದ್ದಿನ ನಿಜವಾದ ಲಾಭ 60 ಅಲ್ಲ, 15 ಮಾತ್ರ. ಪ್ಲಸೀಬೊ ಗುಂಪಿನ ಸುಧಾರಣೆ ಬಹಳ ಹೆಚ್ಚಾದರೆ ಒಳ್ಳೆಯ ಮದ್ದಿನ ಗುಣವೂ ಮರೆಯಾಗಬಹುದು. ಖಿನ್ನತೆಯ ಔಷಧಿಗಳ ಪರೀಕ್ಷೆಯಲ್ಲಿ ಇದು ದೊಡ್ಡ ತೊಡಕು.

ಪ್ರಿಯ ವಿದ್ಯಾರ್ಥಿಗಳೇ, "ನೂರಕ್ಕೆ ಎಂಬತ್ತು ಮಂದಿಗೆ ಗುಣ" ಎಂಬ ಜಾಹೀರಾತು ಕಂಡರೆ ಒಂದು ಪ್ರಶ್ನೆ ಕೇಳಿ: ಆ ಮದ್ದು ಪಡೆಯದವರಲ್ಲಿ ಎಷ್ಟು ಮಂದಿಗೆ ಗುಣವಾಯಿತು? ಉತ್ತರವಿಲ್ಲದಿದ್ದರೆ ಆ ಎಂಬತ್ತಕ್ಕೆ ಬೆಲೆಯಿಲ್ಲ.